ಸೀಮೆಸುಣ್ಣದ ಗೆರೆಯೊಳಗೆ ಒಂದು ಭಾನುವಾರ

ಮನೆ ಖಾಲಿ ಮಾಡಲು ಇನ್ನು ಎಂಟೇ ದಿನ ಉಳಿದಿತ್ತು. ಮಾಲೀಕರು ಕಟ್ಟಡವನ್ನೇ ಮಾರಿಬಿಟ್ಟಿದ್ದರು. ನಾವು ಆಗಲೇ ಹನ್ನೊಂದು ಮನೆ ನೋಡಿ ಬಂದಿದ್ದೆವು. ಹೆಚ್ಚಿನವುಗಳ ಬಾಡಿಗೆ ಕೇಳಿದರೇ ತಲೆ ತಿರುಗುತ್ತಿತ್ತು. ಒಂದು ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಇನ್ನೊಂದು ಕಡೆ ನನ್ನ ಹೊಲಿಗೆ ಯಂತ್ರದ ಸದ್ದು ಆಗದು ಎಂದರು. ಕೊನೆಯ ಮನೆಯವರಂತೂ ನನ್ನ ಅತ್ತೆಯ ವಾಕರ್ ನೋಡಿ, "ವಯಸ್ಸಾದವರು ಬಿದ್ದುಗಿದ್ದರೆ ನಮಗ್ಯಾಕೆ ತಲೆನೋವು?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ಅತ್ತೆ ಮನೆಗೆ ಬಂದವರೇ ತಮ್ಮ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು.

"ನಾನು ದೊಡ್ಡವನ ಮನೆಗೆ ಹೋಗ್ತೀನಿ ಕಣೇ. ನೀವು ಮೂರು ಜನ ಒಂದು ರೂಮಾದ್ರೂ ಹಿಡ್ಕೊಳ್ಳಿ."

ಭಾವನವರ ಊರಿಗೆ ಒಂದು ಹಗಲಿನ ದಾರಿ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಹೋದರೆ ಸಂಜೆಗೇ ಮನೆ ಸೇರುವುದು. ಅತ್ತೆ ದಿನವಿಡೀ ಗೋಡೆ ನೋಡುತ್ತ ಕೂರಬೇಕು. ನಮ್ಮಿಬ್ಬರ ನಡುವೆ ಜಗಳವಿಲ್ಲದ ದಿನವಿಲ್ಲ, ನಿಜ. ಆದರೆ ಜಗಳವಾಡಲಿಕ್ಕಾದರೂ ಅವರು ಮನೆಯಲ್ಲಿರಬೇಕಲ್ಲ! ನನ್ನ ಮಗಳು ಚೀಲದಿಂದ ಬಟ್ಟೆ ತೆಗೆದು ಕಪಾಟಿಗೆ ಇಟ್ಟಳು. ಅತ್ತೆ ಮತ್ತೆ ತುಂಬಿದರು. ನನಗೆ ಅಳು ಬಂತು.

ಮಾರನೆಯ ದಿನ ಸೋರುವ ನಲ್ಲಿ ಸರಿಮಾಡಲು ನಲ್ಲಿಯಕ್ಕ ಬಂದಳು. ಪ್ಲಂಬರ್ ಕೆಲಸ ಮಾಡುವ ಅವಳನ್ನು ಬೀದಿಯವರೆಲ್ಲ ಕರೆಯುವುದೇ ಹಾಗೆ. ವಾಷರ್ ಬದಲಾಯಿಸುತ್ತ ನನ್ನ ಗೋಳು ಕೇಳಿದಳು.

"ನಮ್ಮ ಸಂಘದಲ್ಲಿ ಒಂದು ಮನೆ ಬಾಕಿ ಇದೆ. ಹತ್ತು ಸಂಸಾರ ಸೇರಿ ಹಳೇ ಗೋದಾಮಿನ ಜಾಗ ತಗೊಂಡ್ವಿ. ಒಂದೊಂದು ಮನೆ ಇಪ್ಪತ್ತೆರಡು ಅಡಿ ಉದ್ದ, ಹತ್ತಡಿ ಅಗಲ. ಬಟ್ಟೆ ಒಗೆಯೋ ಕೋಣೆ, ಕೆಲಸದ ಶೆಡ್ಡು, ನೆಂಟರಿಗೊಂದು ಹಾಲ್, ಇವೆಲ್ಲ ಹತ್ತು ಮನೆಗೂ ಸೇರಿದ್ದು. ಹತ್ತನೆಯವರು ಹಿಂದೆ ಸರಿದ್ರು. ಭಾನುವಾರ ಸಂಜೆ ಐದು ಗಂಟೆಗೆ ಆ ಮನೆಯ ಬಾಗಿಲು ಚೌಕಟ್ಟಿಗೆ ಬಡಗಿ ಮರ ಕೊಯ್ತಾನೆ. ಅಷ್ಟರೊಳಗೆ ನೀವು ಹೂಂ ಅನ್ನದಿದ್ರೆ ಮುಂದಿನವರಿಗೆ ಹೋಗುತ್ತೆ."

ನನ್ನ ಯಜಮಾನರು ಬಸ್ ಡ್ರೈವರ್. ಆಗ ತಾನೇ ಡ್ಯೂಟಿ ಮುಗಿಸಿ ಒಳಗೆ ಬಂದಿದ್ದರು.

"ಇಪ್ಪತ್ತೆರಡು ಅಡಿನಾ? ನಾನು ಓಡಿಸೋ ಬಸ್ಸೇ ಅದಕ್ಕಿಂತ ಉದ್ದ ಇದೆ!"

"ನಿಮ್ಮ ಬಸ್ಸಲ್ಲಿ ಅರವತ್ತು ಜನ ನೇತಾಡ್ತಾರಲ್ಲ ಅಣ್ಣ. ಇಲ್ಲಿ ನಾಲ್ಕೇ ಜನ."

"ಅವರೆಲ್ಲ ಸ್ಟಾಪ್ ಬಂದ್ರೆ ಇಳೀತಾರೆ. ನಾವು ಎಲ್ಲಿಗೆ ಇಳಿಯೋದು? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಹಾಸಿಗೆ ಹಾಸೋಕೇ ಜಾಗ ಬೇಡ್ವಾ?"

"ಹಗಲಲ್ಲಿ ಮಡಚಿ ಗೋಡೆಗೆ ಏರಿಸೋ ಮಂಚ ಮಾಡಿದ್ದೀವಿ. ತಿಂಗಳ ಕಂತು ಈಗಿನ ಬಾಡಿಗೆಗಿಂತ ಕಡಿಮೆ. ಮನೆ ಏಳೋವರೆಗೆ ಸಂಘದ ಹಾಲ್‌ನಲ್ಲೇ ಇರಬಹುದು."

"ನಾಳೆ ಯಾರಾದ್ರೂ ಬಂದು ಕೆಡವಿದ್ರೆ?"

"ಇದನ್ನ ಕೇಳಿ, ಕೇಳಲೇಬೇಕು. ಜಾಗ ಸಂಘದ ಹೆಸರಲ್ಲಿದೆ, ಪತ್ರ ನೀವೇ ಓದಿ. ನಗರಸಭೆ ಅನುಮತಿ ಇದೆ. ಚರಂಡಿ ಕನೆಕ್ಷನ್ ನಾನೇ ಕೊಟ್ಟಿದ್ದು. ಚಿಕ್ಕ ಮನೆಗೆ ಅನುಮತಿಯೇ ಬೇಡ ಅಂತ ಯಾರಾದ್ರೂ ಮಾರೋಕೆ ಬಂದ್ರೆ, ಆ ಕಡೆ ತಲೆ ಹಾಕಿಯೂ ಮಲಗಬೇಡಿ."

ಪತ್ರಗಳನ್ನು ನೋಡಿದ ಮೇಲೂ ಯಜಮಾನರ ಮುಖ ಗಂಟಿಕ್ಕಿಕೊಂಡೇ ಇತ್ತು. ನಾನು ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವವಳು. ಬೆಲೆಬಾಳುವ ಬಟ್ಟೆ ಬಂದರೆ ಮೊದಲು ಪೇಪರ್ ಕತ್ತರಿಸಿ ಮೈಗೆ ಹಿಡಿದು ನೋಡುತ್ತೇನೆ. ಮನೆಯನ್ನೂ ಹಾಗೇ ನೋಡೋಣ ಎಂದೆ.

ಭಾನುವಾರ ಬೆಳಗ್ಗೆ ಕಟ್ಟಡದ ಹಿಂದಿನ ಕಾಂಕ್ರೀಟ್ ಅಂಗಳದಲ್ಲಿ ಟೇಪು ಹಿಡಿದು ಇಪ್ಪತ್ತೆರಡಕ್ಕೆ ಹತ್ತಡಿ ಅಳೆದು ಸೀಮೆಸುಣ್ಣದ ಗೆರೆ ಎಳೆದೆ. ಒಲೆ ಇಲ್ಲಿ, ಮಂಚ ಇಲ್ಲಿ, ಬಚ್ಚಲು ಅಲ್ಲಿ. ಬಚ್ಚಲಿನ ಬಾಗಿಲ ಪಕ್ಕ, ಕಿಟಕಿಯ ಬುಡದಲ್ಲಿ ನನ್ನ ಹೊಲಿಗೆ ಯಂತ್ರವನ್ನೇ ಹೊರಿಸಿ ತಂದಿಟ್ಟೆ. ಆ ಜಾಗ ಮಾತ್ರ ನನ್ನದು, ಯಾರೂ ಕೇಳಕೂಡದು ಎಂದು ಮೊದಲೇ ಹೇಳಿದ್ದೆ. ಮಧ್ಯಾಹ್ನದವರೆಗೆ ನಾಲ್ವರೂ ಗೆರೆ ದಾಟದೆ ಒಳಗೇ ಇರಬೇಕೆಂಬುದು ನಿಯಮ.

ಪಕ್ಕದ ಕಟ್ಟಡದವರು ಕಿಟಕಿಯಿಂದ ಬಗ್ಗಿ, "ಏನ್ರಿ, ಮನೆಗೆ ಸೂರು ಮರೆತುಬಿಟ್ರಾ?" ಎಂದು ನಕ್ಕರು. ನಕ್ಕರೆ ನಗಲಿ, ಎಂಟು ದಿನದ ಗಡುವು ಅವರ ಕುತ್ತಿಗೆಗಿರಲಿಲ್ಲ. ಒಳಗೆ ಅಡುಗೆಯಾಯಿತು, ಊಟವಾಯಿತು. ಮಗಳು ಪಾಠ ಓದಿದಳು. ಯಜಮಾನರು ಚಾಪೆ ಹಾಸಿ ಕಾಲು ಚಾಚಿ, "ಪರವಾಗಿಲ್ಲ, ಗೋಡೆಗೆ ತಾಗ್ಲಿಲ್ಲ" ಎಂದರು. ಅತ್ತೆ ಬಚ್ಚಲಿಗೂ ಹೋಗಿ ಬಂದರು. ನನ್ನ ಎದೆ ಹಗುರಾಯಿತು.

ಮೂರೂವರೆಗೆ ನಲ್ಲಿಯಕ್ಕ ಬಂದಳು. ಗೆರೆಯ ಸುತ್ತ ಒಂದು ಸುತ್ತು ಹಾಕಿದಳು.

"ಗೋಡೆ ಎಲ್ಲಿ?"

"ಇದೇ ಗೆರೆ."

"ಗೆರೆಗೆ ದಪ್ಪ ಇಲ್ಲ, ಗೋಡೆಗೆ ಇದೆಯಲ್ಲ. ನಾನು ಹೇಳಿದ್ದು ಹೊರಗಿನ ಅಳತೆ. ಸುತ್ತಲೂ ಅರ್ಧರ್ಧ ಅಡಿ ಗೋಡೆಗೆ ಹೋಗುತ್ತೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊಲಿಗೆಗೆ ಅಂಚು ಬಿಡದೆ ಒಂದು ಅಂಗಿಯನ್ನೂ ಕತ್ತರಿಸದ ನಾನು, ಮನೆಗೆ ಅಂಚು ಬಿಡುವುದನ್ನು ಮರೆತಿದ್ದೆ!

ಒಳಗೆ ಇನ್ನೊಂದು ಗೆರೆ ಎಳೆದೆ. ಉದ್ದ ಇಪ್ಪತ್ತೊಂದು, ಅಗಲ ಒಂಬತ್ತು. ಬಚ್ಚಲಿನ ಗೋಡೆ, ನನ್ನ ಯಂತ್ರ ಎಲ್ಲವೂ ಒಳಸರಿದವು. ನಡುವೆ ಬಾಗಿಲಿಗೆ ಉಳಿದದ್ದು ಒಂದೂಮುಕ್ಕಾಲು ಅಡಿ. ಅತ್ತೆ ಮೆಲ್ಲಗೆ ವಾಕರ್ ತಳ್ಳಿಕೊಂಡು ಬಂದರು. ಅದರ ಕಾಲು ಯಂತ್ರದ ಕಬ್ಬಿಣಕ್ಕೆ ತಾಗಿ ಟಣ್ ಎಂದಿತು. ಓರೆಯಾಗಿ ತಿರುಗಿಸಿದರು. ಮತ್ತೆ ಟಣ್. ಹಿಡಿತ ತಪ್ಪಿ ಅವರು ವಾಲಿದರು, ಯಜಮಾನರು ಓಡಿ ಹಿಡಿದುಕೊಂಡರು.

"ಸಾಕು. ನಾನು ಮೊದಲೇ ಹೇಳ್ಲಿಲ್ವಾ?" ಎಂದರು ಯಜಮಾನರು.

"ನನ್ನೊಬ್ಬಳಿಗೋಸ್ಕರ ಮನೆ ಬಿಡಬೇಡಿ ಕಣೋ," ಎಂದರು ಅತ್ತೆ. "ಬೆಳಗ್ಗೆ ನನ್ನನ್ನ ಬಸ್ ಹತ್ತಿಸಿಬಿಡು."

ಗಂಟೆ ನಾಲ್ಕೂಕಾಲು. ನಲ್ಲಿಯಕ್ಕ ನನ್ನ ಯಂತ್ರವನ್ನೇ ನೋಡುತ್ತಿದ್ದಳು. ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು. ಸಂಘದ ಶೆಡ್ಡಿನಲ್ಲಿ ಬೆಳಕಿದೆ, ಕಿಟಕಿಯಿದೆ, ಹೊಲಿಗೆಯವಳಿಗೆ ಜಾಗವಿದೆ. ಆದರೂ ಮದುವೆಯಾದ ಲಾಗಾಯ್ತಿನಿಂದ ಮನೆಯಲ್ಲಿ ನನ್ನದು ಎನ್ನಲು ಇದ್ದದ್ದು ಆ ಒಂದು ಮೂಲೆ. ಕೊಡಲು ನನಗೆ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ?

ಒದ್ದೆ ಬಟ್ಟೆ ತಂದೆ. ಮಂಡಿಯೂರಿ ಯಂತ್ರದ ಚೌಕವನ್ನು ಒರೆಸಿದೆ. "ರೀ, ಇದನ್ನ ಆಚೆಗೆ ಎತ್ತಿಡಿ."

ಬಾಗಿಲು ಮೂರಡಿಯಾಯಿತು. ಅತ್ತೆ ವಾಕರ್ ತಳ್ಳಿದರು. ಯಾವ ಸದ್ದೂ ಇಲ್ಲದೆ ಒಳಗೆ ಹೋದರು, ತಿರುಗಿದರು, ಹೊರಗೆ ಬಂದರು.

"ತೆರೆಯೋ ಬಾಗಿಲು ಬೇಡ, ಪಕ್ಕಕ್ಕೆ ಸರಿಸೋದು ಹಾಕ್ಸೋಣ," ಎಂದು ನಲ್ಲಿಯಕ್ಕ ಬಡಗಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಗರಗಸದ ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸುವುದಾದರೂ ಹೇಗೆ? ಗಂಟೆ ನಾಲ್ಕೂ ನಲವತ್ತು.

ಯಜಮಾನರು ನನ್ನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟರು. ಬಸ್ಸನ್ನು ಒಂದು ದಿನವೂ ಹಾಗೆ ಓಡಿಸಿರಲಿಕ್ಕಿಲ್ಲ! ನಾವು ಹೋದಾಗ ಬಡಗಿ ಚೌಕಟ್ಟಿನ ಮರಕ್ಕೆ ಗುರುತು ಹಾಕಿ, ಗರಗಸದ ಹಲ್ಲಿನ ಕೆಳಗೆ ಇಟ್ಟಾಗಿತ್ತು.

"ನಿಲ್ಸಪ್ಪಾ!" ಎಂದು ಕೂಗಿದ್ದು ನನ್ನ ಯಜಮಾನರೇ. "ಆ ಮನೆ ನಮ್ದು. ಬಚ್ಚಲ ಬಾಗಿಲು ಮೂರಡಿ. ಒಂದು ಇಂಚೂ ಕಡಿಮೆ ಬೇಡ."

ಈಗ ನಾವು ಆ ಮನೆಯಲ್ಲಿದ್ದೇವೆ. ಅತ್ತೆಯ ಚೀಲ ಖಾಲಿಯಾಗಿ ಮೊಳೆಗೆ ನೇತಾಡುತ್ತಿದೆ. ಮಳೆ ಬಂದರೆ ನಾಲ್ಕು ಜನ ಒಬ್ಬರ ಕಾಲು ಒಬ್ಬರು ತುಳಿಯುವುದೂ ಉಂಟು. ಅತ್ತೆ ದಿನಾ ಬೆಳಗ್ಗೆ ಶೆಡ್ಡಿಗೆ ಬಂದು, ನಾನು ಹಾಕಿದ ಹೊಲಿಗೆ ಸೊಟ್ಟ ಅಂತ ಜಗಳ ತೆಗೆಯುತ್ತಾರೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದೊಡ್ಡ ಮನೆ ಕೈಗೆ ಎಟುಕುವುದಿಲ್ಲವೆಂದು ಯಾರನ್ನೂ ದೂರ ಕಳಿಸಬೇಡಿ. ನಾಲ್ಕು ಸಂಸಾರ ಕೂತು ಮಾತಾಡಿ, ಯಾವುದನ್ನು ಹಂಚಿಕೊಳ್ಳಬಹುದು ನೋಡಿ. ಪತ್ರ, ಅನುಮತಿ, ನೀರು, ಚರಂಡಿ ಕೇಳದೆ ರುಜು ಹಾಕಬೇಡಿ. ಆಮೇಲೆ ಒಂದು ತುಂಡು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಮನೆ ಬರೆಯಿರಿ, ಗೋಡೆಗೂ ಅಂಚು ಬಿಡಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೋ, ಅವರನ್ನು ಮೊದಲು ಒಳಗೆ ನಡೆಸಿ ನೋಡಿ.