ಖಾಲಿ ಜಾಗದ ಮತದಾರರು

ಬೋರ್ಡಿನ ಪಟ್ಟಿ ಹೆಗಲು ಕೊರೆದು ಗಾಯ ಮಾಡಿತ್ತು. ಬೆನ್ನಿಗೆ ಅಂಟಿದ ಫ್ಲೆಕ್ಸಿನೊಳಗೆ ಬೆವರು ಇಳಿದು ಪಂಚೆಯವರೆಗೂ ಒದ್ದೆ. ಬೆಳಗಿನಿಂದ ಬನ್ನೇರುಘಟ್ಟ ರಸ್ತೆಯಲ್ಲಿ ನಡೆಯುತ್ತಲೇ ಇದ್ದೆ. ನಿಲ್ಲುವ ಹಾಗಿರಲಿಲ್ಲ.

ಕೈ ನಡುಗುತ್ತದೆಂದು ಗಾರೆ ಕೆಲಸಕ್ಕೆ ನನ್ನನ್ನು ಈಗ ಯಾರೂ ಕರೆಯುವುದಿಲ್ಲ. ಅದಕ್ಕೇ ಈ ಕೆಲಸ ಹಿಡಿದೆ. ಬೋರ್ಡಿನ ಮೇಲೆ ‘ನಿಮ್ಮ ಅಭ್ಯರ್ಥಿಯನ್ನು ತಿಳಿಯಿರಿ’ ಎಂದು ಬರೆದು, ಕೆಳಗೆ ದೊಡ್ಡ ಕ್ಯೂಆರ್ ಕೋಡ್ ಹಾಕಿದ್ದರು. ಫೋನ್ ಹಿಡಿದರೆ ವಾರ್ಡಿಗೆ ನಿಂತವರ ಆಸ್ತಿ, ಸಾಲ, ಕೇಸು ಎಲ್ಲ ಕಾಣುತ್ತದಂತೆ. ಮತದಾರ ಹುಡುಕಿಕೊಂಡು ಅಲೆಯಬಾರದು, ಮಾಹಿತಿಯೇ ಅವನ ಹತ್ತಿರ ನಡೆದು ಬರಬೇಕು ಎಂಬುದು ಯೋಜನೆ.

ನಮ್ಮನ್ನು ಕೆಲಸಕ್ಕಿಟ್ಟ ಸಂಸ್ಥೆಯ ಆಶ್ರಿತ್ ಮೊದಲೇ ಹೇಳಿದ್ದ.

‘ತಾತ, ನಿಲ್ಲಂಗಿಲ್ಲ. ನಿಂತ್ರೆ ಫುಟ್‌ಪಾತ್ ಬ್ಲಾಕ್ ಅಂತ ಪೊಲೀಸ್ನೋರು ಹಿಡೀತಾರೆ. ನಿಮ್ಮ ಜೇಬಲ್ಲಿ ಒಂದು ಫೋನ್ ಇಟ್ಟಿದೀನಿ. ಅದು ಒಂದೇ ಕಡೆ ಇದ್ರೆ ಬಡ್ಕೊಳ್ಳುತ್ತೆ. ಆಮೇಲೆ ಅರ್ಧ ಕೂಲಿ ಕಟ್.’

‘ನಡೀತಾನೇ ಇದ್ರೆ ಜನ ಹೆಂಗೆ ನೋಡ್ತಾರೆ ಸಾರ್?’

‘ಇಂಟ್ರೆಸ್ಟ್ ಇರೋರು ಹಿಂದೆ ಬರ್ತಾರೆ.’

ಬಂದರು. ಪ್ಯಾಂಟು ಹಾಕಿದ ಒಬ್ಬ ಹಿರಿಯರು ಫೋನ್ ಮುಂದೆ ಚಾಚಿಕೊಂಡು ನನ್ನ ಹಿಂದೆಯೇ ಓಡಿ, ಕಿತ್ತುಹೋದ ಕಲ್ಲಿಗೆ ಎಡವಿ ಚಪ್ಪಲಿ ಕಳೆದುಕೊಂಡರು. ಎಳನೀರು ಕುಡಿಯುತ್ತಿದ್ದ ಹುಡುಗಿಯೊಬ್ಬಳು ದುಡ್ಡು ಹಾಕುವ ಕೋಡೆಂದು ನನ್ನ ಬೆನ್ನಿಗೇ ಫೋನ್ ಹಿಡಿದಳು.

‘ಅಣ್ಣಾ, ಎಳನೀರಿಗೆ ನಾಲ್ಕು ಕ್ರಿಮಿನಲ್ ಕೇಸ್ ತೋರಿಸ್ತಿದೆ!’

ಎಳನೀರಿನವನು ಮಚ್ಚು ಕೆಳಗಿಟ್ಟು, ‘ಅಮ್ಮಾ, ನಂದಲ್ಲ ಅದು!’ ಎಂದ.

ಗೊಟ್ಟಿಗೆರೆಯಲ್ಲಿ ನಮ್ಮ ತಗಡು ಶೀಟಿನ ಮನೆಗಳ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ವಿಮಲಾ ಮೇಡಂ ಇದ್ದಾರೆ, ರಿಟೈರಾದ ಟೀಚರು. ಅವರು ಗೇಟಿನಿಂದಲೇ ಕೂಗಿದರು.

‘ನಿಲ್ರೀ ಶಿವರಾಮಣ್ಣ!’

‘ನಿಲ್ಲಂಗಿಲ್ಲ ಮೇಡಂ. ನೀವೇ ಬನ್ನಿ.’

ಅವರು ಮಂಡಿ ನೋವಿನಲ್ಲೂ ನನ್ನ ಹಿಂದೆ ನಡೆದರು. ಅವರ ಫೋನ್ ಕುಂಯ್ ಎಂದಿತು.

‘ನಮ್ಮ ಮನೋಜಂದು ಏನೈತೆ, ವಸಿ ಓದಿ ಮೇಡಂ’ ಎಂದೆ.

ಈ ಸಲ ವಾರ್ಡಿಗೆ ನಿಂತಿರುವ ಮನೋಜ, ನಾವಿರುವ ಜಾಗದ ಯಜಮಾನರಾಗಿದ್ದ ತಿಮ್ಮರಾಯಪ್ಪನವರ ಮಗ. ಅವರ ಹೊಲದಲ್ಲಿ ರಾಗಿ ಇದ್ದ ಕಾಲದಿಂದ ನಾನಿಲ್ಲಿದ್ದೇನೆ. ಹೊಲ ಮಾರಿ ಅಪಾರ್ಟ್‌ಮೆಂಟ್ ಎದ್ದಾಗ, ಕಟ್ಟಿದ ನಮಗೆಲ್ಲ ಉಳಿದ ಮೂಲೆಯಲ್ಲಿ ಶೀಟ್ ಹಾಕಿಕೊಳ್ಳಿ ಎಂದವರು ತಿಮ್ಮರಾಯಪ್ಪನವರೇ. ಈಗ ಪ್ರತಿ ತಿಂಗಳೂ ಬಾಡಿಗೆ ವಸೂಲಿಗೆ ಮನೋಜನೇ ಬರುತ್ತಾನೆ. ಆ ವಿಳಾಸಕ್ಕೆ ನಮಗೆಲ್ಲ ವೋಟರ್ ಕಾರ್ಡ್ ಮಾಡಿಸಿಕೊಟ್ಟವನೂ ಅವನೇ.

ಮೇಡಂ ಓದುತ್ತಾ ಬಂದರು. ಕಾರು, ಬಂಗಾರ, ಹೆಂಡತಿಯ ಬಂಗಾರ. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದರು.

‘ಶಿವರಾಮಣ್ಣ, ನೀವಿರೋ ಜಾಗಾನೂ ಇಲ್ಲಿದೆ. ನಮ್ಮ ಕಾಂಪೌಂಡ್ ಪಕ್ಕ, ಅದೇ ಸರ್ವೆ ನಂಬರ್. ಖಾಲಿ ನಿವೇಶನ, ಕಟ್ಟಡ ಇಲ್ಲ, ಯಾರೂ ವಾಸ ಇಲ್ಲ ಅಂತ ನಾಮಪತ್ರದ ಜೊತೆ ಬರ್ಕೊಟ್ಟಿದಾನೆ. ಪ್ರಮಾಣ ಮಾಡಿ!’

ನಾನು ನಿಂತುಬಿಟ್ಟೆ. ಜೇಬಿನ ಫೋನ್ ಬಡಿದುಕೊಳ್ಳತೊಡಗಿತು.

‘ಹೋದ ವಾರ ಯಾರೋ ಬಂದು ಟೇಪ್ ಹಿಡಿದು ಅಳತೆ ಮಾಡ್ಕೊಂಡು ಹೋದ್ರು ಮೇಡಂ.’

‘ಅದಕ್ಕೇ ಇರ್ಬೇಕು. ಜನಾನೇ ಇಲ್ಲ ಅಂದ್ಮೇಲೆ ನೋಟಿಸ್ ಯಾರಿಗೆ ಕೊಡ್ಬೇಕು? ಸೀದಾ ಜೆಸಿಬಿ ತರ್ತಾರೆ.’

ನಾನಿಲ್ಲ ಎಂಬುದನ್ನು ನಾನೇ ಹೊತ್ತು, ಊರಿಗೆಲ್ಲ ತೋರಿಸಿಕೊಂಡು ತಿರುಗಿದ್ದೆ.

ಸಂಜೆ ಬೋರ್ಡ್ ಇಳಿಸುವಾಗ ಆಶ್ರಿತನಿಗೆ ಹೇಳಿದೆ. ಅವನು ಕೈ ಎತ್ತಿಬಿಟ್ಟ. ‘ತಾತ, ನಾವು ನ್ಯೂಟ್ರಲ್. ಮಾಹಿತಿ ತಲುಪಿಸ್ತೀವಿ ಅಷ್ಟೇ. ತಲುಪ್ತಲ್ಲ ನಿಮಗೆ? ಸಖತ್! ಹಂಗೇ ಒಂದು ಫೀಡ್‌ಬ್ಯಾಕ್ ಕೊಡಿ.’ ಅರ್ಧ ಕೂಲಿ ಕಟ್ಟಾಗಿತ್ತು.

ಮನೆಗಳ ನಡುವಿನ ನಲ್ಲಿಯ ಹತ್ತಿರ ಎಲ್ಲರೂ ಸೇರಿದರು. ಹುಡುಗರು ಮನೋಜನ ಮನೆ ಮುಂದೆ ಕೂರೋಣ ಎಂದರು. ‘ಕಾಲಿಗೆ ಬಿದ್ದು ಕೇಳೋಣ, ತಿದ್ದಿಸ್ತಾನೆ’ ಎಂದಳು ವನಿತಾ. ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಮಂಗಮ್ಮ ತುಂಬಿದ ಬಿಂದಿಗೆಯನ್ನು ಪಕ್ಕಕ್ಕಿಟ್ಟಳು.

‘ಯಾಕೆ ತಿದ್ದಿಸ್ಬೇಕು? ಪಾಪ, ಪ್ರಮಾಣ ಮಾಡಿದಾನೆ. ಅದು ಸುಳ್ಳಾಗ್ಬಾರ್ದು. ಭಾನುವಾರ ವೋಟು ಕೇಳಕ್ಕೆ ಬರ್ತಾನಲ್ಲ, ಅವನು ಬರ್ಕೊಟ್ಟಂಗೇ ಇರಾಣ.’

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ವನಿತಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಭಾನುವಾರ ತಮಟೆ ಬಂತು. ಪಟಾಕಿ ಬಂತು. ಶಾಲು ಹೊದ್ದ ಮನೋಜ ಬಂದ. ಅವನ ಕಡೆಯವನೊಬ್ಬ ಮುಂದೆ ಹಿಂದೆ ನಡೆಯುತ್ತ ಫೋನಿನಲ್ಲಿ ಲೈವ್ ಬಿಡುತ್ತಿದ್ದ. ಮನೋಜ ನಗುತ್ತಾ ಕೈ ಮುಗಿದ. ಮುಂದೆ ಯಾರೂ ಇರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿತ್ತು. ನಾಯಿಯೊಂದು ಬಂದು ಅವನ ಶೂ ಮೂಸಿತು. ಅಭ್ಯಾಸಬಲದಿಂದ ಅದಕ್ಕೂ ಕೈ ಮುಗಿದ.

ಮಂಗಮ್ಮನ ಮನೆಗೆ ಅಂಟಿಕೊಂಡ ನನ್ನ ಮನೆಯ ಶೀಟಿನ ತೂತಿನಿಂದ ನೋಡುತ್ತಿದ್ದೆ.

‘ಮಂಗಮ್ಮಕ್ಕಾ! ನಾನು ಮನೋಜ! ಎಲ್ಲೋದ್ರಿ?’

‘ಇಲ್ಲಿ ಯಾರೂ ಇಲ್ಲ ಸಾರ್’ ಎಂದಳು ಮಂಗಮ್ಮ ಒಳಗಿನಿಂದ. ‘ಖಾಲಿ ಜಾಗ.’

‘ತಮಾಷೆ ಸಾಕು ಅಕ್ಕಾ, ಆಚೆ ಬಾ.’

‘ಕಟ್ಟಡಾನೇ ಇಲ್ಲ, ಆಚೆ ಎಲ್ಲಿಂದ ಬರ್ಲಿ?’

ಯಾರದೋ ಕುಕ್ಕರ್ ಸೀಟಿ ಹೊಡೆಯಿತು. ತಮಟೆಯವನು ಬಾರಿಸುವುದು ಬಿಟ್ಟು ನಗತೊಡಗಿದ. ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ತುಂಬಿದರು. ವಿಮಲಾ ಮೇಡಂ ಮೇಲಿನಿಂದ ಕೂಗಿದರು: ‘ಮನೋಜ್, ಖಾಲಿ ಸೈಟಿಗೆ ಯಾಕಪ್ಪಾ ಕೈ ಮುಗೀತಿದೀಯ?’

ಮನೋಜ ಮಂಗಮ್ಮನ ಮನೆಯ ಶೀಟಿಗೆ ಮುಖ ತಂದು ಪಿಸುಗುಟ್ಟಿದ. ‘ಅಕ್ಕಾ, ಲೈವ್ ಹೋಗ್ತಿದೆ. ಮಾನ ಕಳೀಬೇಡ. ನೀವೆಲ್ಲ ಇಲ್ಲೇ ಇದೀರ, ನಂಗೊತ್ತಿಲ್ವಾ?’

‘ಅದನ್ನ ಗಟ್ಟಿಯಾಗಿ ಹೇಳಣ್ಣ. ಆ ಫೋನ್ ಕಡೆ ತಿರುಗಿ ಹೇಳು.’

‘ಏನಂತ?’

‘ಇಲ್ಲಿ ಜನ ಇದಾರೆ ಅಂತ. ಬಾಡಿಗೆ ಕೊಟ್ಕೊಂಡು ಇದಾರೆ ಅಂತ. ಹೇಳಿದ ತಕ್ಷಣ ಬಾಗಿಲು ತೆಗೀತೀವಿ.’

ಅವನು ಫೋನ್ ಹಿಡಿದವನತ್ತ ನೋಡಿದ. ಬಾಲ್ಕನಿಗಳತ್ತ ನೋಡಿದ. ಗಂಟಲೊಳಗೇ ‘ಇದಾರೆ’ ಎಂದ.

‘ಕೇಳಿಸ್ಲಿಲ್ಲ ಸಾರ್!’ ಎಂದು ನನ್ನ ಇನ್ನೊಂದು ಪಕ್ಕದ ಮನೆಯಿಂದ ಕೂಗು ಬಂತು. ಆಚೆ ಮನೆಯಿಂದ ಇನ್ನೊಂದು. ಆಮೇಲೆ ಇಡೀ ಸಾಲು, ಹೆಂಗಸರು, ಗಂಡಸರು, ಮಕ್ಕಳು, ಒಳಗಿನಿಂದ ಶೀಟು ಬಡಿಯುತ್ತಾ:

‘ಕೇಳಿಸ್ಲಿಲ್ಲ ಸಾರ್!’

ಮನೋಜ ಬಾಯಿ ತೆರೆದ. ನಾವೆಲ್ಲ ಬಡಿಯುವುದು ನಿಲ್ಲಿಸಿ, ಕಿವಿಯನ್ನು ಶೀಟಿಗೆ ಒತ್ತಿಕೊಂಡು ನಿಂತೆವು.