ಎರಡು ಬೆರಳಿನ ಕೈಗವಸು

ಆ ಕೈಗವಸು ಎಲ್ಲಿ ಹೋಯಿತೆಂದು ಮೂರು ವಾರ ಕಳೆದರೂ ಗೊತ್ತಾಗದೆ ದೊಡ್ಡಕ್ಕನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಲೇ ಇತ್ತು. ಚರ್ಮದ ಕೈಗವಸು ಹೊಲಿಯುವ ಕಾರ್ಖಾನೆ ಅದು. ದಿನಕ್ಕೆ ನೂರಾರು ಹೊಲಿಯುವ ಕಡೆ ಒಂದು ಕಾಣೆಯಾದರೆ ಯಾರೂ ಕೇಳುವುದಿಲ್ಲ. ಆದರೆ ಆ ಒಂದಕ್ಕೆ ಎರಡೇ ಬೆರಳಿದ್ದವು.

ಹೊಲಿದವಳು ಅವಳೇ. ಇಪ್ಪತ್ತು ವರ್ಷದಿಂದ ಮೊದಲನೇ ಮೆಷಿನ್ನಿಗೆ ಕೂತವಳು, ಹೊಸಬರಿಗೆಲ್ಲ ಕೆಲಸ ಕಲಿಸಿದವಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ. ಹೆಸರು ದೊಡ್ಡದು, ಬುದ್ಧಿ ಮಾತ್ರ ಅವತ್ತು ಮೇಯಲು ಹೋಗಿತ್ತು.

ಚೆಕಿಂಗ್ ಮೇಜಿನ ಹುಡುಗಿಗೆ ಹುಟ್ಟಿನಿಂದ ಎಡಗೈಯಲ್ಲಿ ಹೆಬ್ಬೆರಳು ಮತ್ತು ಇನ್ನೊಂದು ಬೆರಳು, ಅಷ್ಟೇ. ಆ ಎರಡರಲ್ಲೇ ಕೈಗವಸು ಹಿಡಿದು, ಒಳಮೈ ಹೊರಗೆ ಮಾಡಿ, ಬಿಟ್ಟುಹೋದ ಹೊಲಿಗೆಯನ್ನು ಐದು ಬೆರಳಿನವರಿಗಿಂತ ಬೇಗ ಹುಡುಕುತ್ತಿದ್ದಳು. ಅವಳಿಗೆ 'ಏಡಿ' ಎಂದು ಹೆಸರಿಟ್ಟವನು ಇಸ್ತ್ರಿ ಮೇಜಿನವನು, ದೊಡ್ಡಕ್ಕನ ಸ್ವಂತ ಮೈದುನ. ಅವಳು ಹಾದುಹೋದಾಗಲೆಲ್ಲ ಅವನು ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಿದ್ದ, ಸಾಲಿಗೆ ಸಾಲೇ ನಗುತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ದೊಡ್ಡಕ್ಕ ಜೋರಾಗಿ ನಕ್ಕವಳಲ್ಲ. ತಲೆ ತಗ್ಗಿಸಿ ನಗುತ್ತಿದ್ದಳು. ಅದೇನು ದೊಡ್ಡ ಪುಣ್ಯವೋ!

"ಅತ್ತಿಗೆ, ಏಡಿಗೊಂದು ಎಡಗೈ ಗ್ಲೌಸ್ ಹೊಲಿದುಕೊಡಿ. ಅವಳು ಊಟ ಮುಗಿಸಿ ಬರೋಷ್ಟರಲ್ಲಿ ಮೇಜಿನ ಮೇಲಿಡ್ತೀನಿ. ಮುಖ ನೋಡೋಣ," ಎಂದಿದ್ದ ಮೈದುನ. ಸುತ್ತಲಿದ್ದವರು "ದೊಡ್ಡಕ್ಕ ಮಾತ್ರ ಹೊಲೀಬಲ್ಲರು" ಎಂದು ಉಬ್ಬಿಸಿದರು. ಉಬ್ಬಿದಳು. ಚೂರು ಚರ್ಮ ಕತ್ತರಿಸಿ ಹತ್ತು ನಿಮಿಷದಲ್ಲಿ ಹೊಲಿದುಕೊಟ್ಟಳು. ಆದರೆ ಊಟದ ನಂತರ ಅಂಥ ತಮಾಷೆ ಯಾವುದೂ ನಡೆಯಲಿಲ್ಲ. ಕೇಳಿದರೆ ಮೈದುನ, "ಮೇಸ್ತ್ರಿ ಬಂದುಬಿಟ್ರು, ಕಸಕ್ಕೆ ಎಸೆದೆ," ಎಂದು ಎತ್ತಲೋ ನೋಡಿದ. ದೊಡ್ಡಕ್ಕನಿಗೆ ನಂಬಿಕೆ ಬರಲಿಲ್ಲ.

ಮೂರು ವಾರದ ನಂತರ ಒಂದು ಬೆಳಿಗ್ಗೆ, ಕೊಂಡವರಿಂದ ದೂರು ಬಂದಿದೆಯೆಂಬ ಸುದ್ದಿ ಮೆಷಿನ್ನಿಂದ ಮೆಷಿನ್ನಿಗೆ ಹಬ್ಬಿತು. ಪೆಟ್ಟಿಗೆಯಲ್ಲಿ ವಿಕಾರದ ಕೈಗವಸೊಂದು ಸಿಕ್ಕಿತಂತೆ. ಪೆಟ್ಟಿಗೆಯ ಮೇಲೆ ಚೆಕಿಂಗ್ ಹುಡುಗಿಯ ಮೊಹರು ಇದೆಯಂತೆ. ಅವಳ ಕೆಲಸಕ್ಕೆ ಇವತ್ತೇ ಕೊನೆಯಂತೆ.

ದೊಡ್ಡಕ್ಕ ಕೇಳಿಸದವಳಂತೆ ಹೊಲಿಯುತ್ತಲೇ ಇದ್ದಳು. ಅಂಗೈ ಭಾಗ ಮುಗಿಯಿತು. ಅವಳ ಕೈ ತಾನಾಗಿಯೇ ಡಬ್ಬಿಗೆ ಹೋಗಿ ಬಟ್ಟೆಯ ಚಿಕ್ಕ ಪಟ್ಟಿಯೊಂದನ್ನು ಎತ್ತಿ ಒಳಹೊಲಿಗೆಯಲ್ಲಿ ಸೇರಿಸಿತು. ಪಟ್ಟಿಯ ಮೇಲೆ ಹದಿನೇಳು ಎಂದಿತ್ತು. ಅದು ಅವಳ ನಂಬರು. ಪ್ರತಿಯೊಬ್ಬರೂ ತಾವು ಹೊಲಿದದ್ದರ ಒಳಗೆ ತಮ್ಮ ನಂಬರು ಹಾಕಲೇಬೇಕು. ಇಪ್ಪತ್ತು ವರ್ಷದಲ್ಲಿ ಅವಳ ಕೈ ಒಂದು ದಿನವೂ ಅದನ್ನು ಮರೆತಿರಲಿಲ್ಲ.

ಮೆಷಿನ್ ನಿಂತಿತು. ಆ ಎರಡು ಬೆರಳಿನದಕ್ಕೂ ಹಾಕಿದ್ದೆನಾ? ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ. ನೆನಪಾಗದ್ದೇ ಉತ್ತರವಾಗಿತ್ತು, ಯೋಚಿಸಿ ಮಾಡಿದ್ದರೆ ತಾನೇ ನೆನಪಿರುವುದು? ಅಂಗೈ ಬೆವರಿ ಚರ್ಮಕ್ಕೆ ಕಲೆಯಾಯಿತು.

ನೀರು ಕುಡಿಯುವ ನೆಪದಲ್ಲಿ ಮೈದುನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅತ್ತಿಗೆ, ಬಾಯಿ ಬಿಡಬೇಡಿ. ಅವತ್ತು ಕಸಕ್ಕೆ ಹಾಕಿರಲಿಲ್ಲ. ಗಾಬರೀಲಿ ಅವಳು ಚೆಕ್ ಮಾಡಿಟ್ಟಿದ್ದ ಬುಟ್ಟಿಗೆ ತುರುಕಿದ್ದೆ."

"ಅಯ್ಯೋ ಪಾಪಿ! ಅವಳು ಅದನ್ನ ನೋಡೇ ಇಲ್ವಲ್ಲೋ?"

"ಅವಳು ಹೋದ್ರೆ ಇನ್ನೊಬ್ಬಳು ಬರ್ತಾಳೆ. ನಾನು ಹೋದ್ರೆ ಕುತ್ತು ಯಾರ ಮನೆಗೆ? ಅಣ್ಣ ಹಾಸಿಗೆ ಹಿಡಿದಿರೋದು ಮರೆತ್ರಾ?"

ಅಷ್ಟರಲ್ಲಿ ಮ್ಯಾನೇಜರ್ ಕೋಣೆಯಿಂದ ಕರೆ ಬಂತು. ಚೆಕಿಂಗ್ ಹುಡುಗಿಗೂ, ಸಾಲಿನ ಹಿರಿಯಳೆಂದು ದೊಡ್ಡಕ್ಕನಿಗೂ.

ಕೈಗವಸು ಮೇಜಿನ ಮೇಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವಂತೆ ದೊಡ್ಡಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಮ್ಯಾನೇಜರ್ ಅದರ ಒಳಮೈ ನೋಡಿರಲಿಲ್ಲ. ಕುರ್ಚಿಯಲ್ಲಿ ಕೂರುವವರಿಗೆ ಒಳಹೊಲಿಗೆಯ ಗೊಡವೆ ಎಲ್ಲಿಯದು?

"ಇದು ಹೇಗೆ ಪಾಸಾಯ್ತು? ನಿನಗೆ ಬೆರಳಿಲ್ಲ ಸರಿ, ಕಣ್ಣೂ ಇಲ್ವಾ?" ಎಂದರು ಹುಡುಗಿಗೆ.

ಹುಡುಗಿ ಕೈಗವಸನ್ನು ಎತ್ತಿಕೊಂಡು ತನ್ನ ಎಡಗೈಯನ್ನು ಅದರೊಳಗೆ ತೂರಿಸಿದಳು. ಎಲ್ಲೂ ತಡೆಯದೆ, ಎಲ್ಲೂ ಸಡಿಲವಾಗದೆ ಕೂತಿತು. ಒಂದು ಕ್ಷಣ ಅವಳ ಮುಖದಲ್ಲಿ ಏನೋ ಅರಳಿತು. ನಂತರ ಒಳಗೆ ಬೆರಳು ಪಟ್ಟಿಗೆ ತಾಗಿರಬೇಕು; ಅಂಚನ್ನು ಮೆಲ್ಲಗೆ ಮಡಚಿ ಇಣುಕಿ ನೋಡಿ, ಹಾಗೇ ಮುಚ್ಚಿದಳು. ದೊಡ್ಡಕ್ಕನ ಕಡೆ ತಿರುಗಿದಳು.

"ನನ್ನ ಕೈ ಮುಟ್ಟದೇನೇ ಇಷ್ಟು ಸರಿಯಾಗಿ ಹೊಲಿದಿದ್ದಾರೆ ಸಾರ್. ಎಷ್ಟು ದಿನ ಕದ್ದು ನೋಡಿದ್ದಾರೋ," ಎಂದಳು.

"ಯಾರು ಹೊಲಿದಿದ್ದು ಅಂತ ಗೊತ್ತಾ?"

"ಗೊತ್ತಾಯ್ತು. ಆದ್ರೆ ನಾನು ಹೇಳಲ್ಲ. ಹೇಳಿದ್ರೆ ಏಡಿ ಕಚ್ಚಿತು ಅಂತಾರೆ."

ದೊಡ್ಡಕ್ಕನಿಗೆ ನಾಚಿಕೆಯಾಯಿತು, ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುವಷ್ಟು. "ಹದಿನೇಳು," ಎಂದಳು. "ನನ್ನ ನಂಬರು. ನಾನೇ ಹೊಲಿದೆ ಸಾರ್, ತಮಾಷೆಗೆ."

ಮ್ಯಾನೇಜರ್ ಬೆಚ್ಚಿ, ಆಮೇಲೆ ನಕ್ಕುಬಿಟ್ಟರು. "ನೀವಾ ದೊಡ್ಡಕ್ಕ? ಹೋಗಲಿ ಬಿಡಿ, ನಿಮ್ಮಂಥ ಕೈ ನಮಗೆ ಬೇಕು. ಇನ್ಮೇಲೆ ಇಂಥದ್ದು ಬೇಡ. ಆದ್ರೆ ಮೊಹರು ಇವಳದು. ಇವಳು ಹೋಗಲೇಬೇಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ತಾನು ಬಚಾವಾದ ಸುಖ ದೊಡ್ಡಕ್ಕನಿಗೆ ಅರೆಗಳಿಗೆ ಇದ್ದದ್ದು ನಿಜ. ಅದು ತನಗೇ ಗೊತ್ತಾಗಿ ಹೇಸಿಗೆಯಾಯಿತು. ಹಾಸಿಗೆ ಹಿಡಿದ ಗಂಡ, ಮೈದುನನ ಮಾತು, ಸಂಜೆ ಮನೆಯಲ್ಲಿ ಕಾದಿರುವ ರಂಪ ಎಲ್ಲ ಒಟ್ಟಿಗೆ ಕಣ್ಮುಂದೆ ಬಂತು. ಆದರೂ ಸೆರಗಿನೊಳಗಿಂದ ಕೈಗಳನ್ನು ಹೊರಗೆ ತೆಗೆದಳು.

"ಅದು ಇವಳ ಕೈಗೇ ಬಂದಿಲ್ಲ ಸಾರ್. ಇವಳು ಚೆಕ್ ಮಾಡಿಟ್ಟ ಬುಟ್ಟಿಗೆ ನನ್ನ ಮೈದುನ ಆಮೇಲೆ ತುರುಕಿದ. ಬರ್ಕೊಡ್ತೀನಿ. ಇಬ್ಬರ ಹೆಸರೂ ಬರೀತೀನಿ."

ನಗು ನಿಂತಿತು. ಮ್ಯಾನೇಜರ್ ಒಲ್ಲದ ಮನಸ್ಸಿನಿಂದ ಕಾಗದ ಮುಂದೆ ತಳ್ಳಿದರು. ದೊಡ್ಡಕ್ಕ ಬರೆದಳು, ಸಹಿ ಹಾಕಿದಳು. ಮ್ಯಾನೇಜರ್ ಎರಡು ಸಲ ಓದಿ ಹುಡುಗಿಗೆ, "ನಿನ್ನ ಮೇಜಿಗೆ ಹೋಗು," ಎಂದರು. ಮತ್ತೆ, "ಇಸ್ತ್ರಿಯವನನ್ನ ಕಳಿಸು. ಅದನ್ನ ಇಲ್ಲಿ ಬಿಚ್ಚಿಡು," ಎಂದರು.

"ಇದು ನನ್ನ ಅಳತೆದು ಸಾರ್," ಎಂದು ಹುಡುಗಿ ಅದನ್ನು ತೊಟ್ಟೇ ಹೊರಗೆ ನಡೆದಳು.

ಓಣಿಯಲ್ಲಿ ದೊಡ್ಡಕ್ಕ ಹಿಂದಿನಿಂದ ಓಡಿಬಂದಳು. "ತಪ್ಪಾಯ್ತು ಕಣಮ್ಮಾ. ಕ್ಷಮಿಸಿಬಿಡು."

"ಅದನ್ನ ಆಮೇಲೆ ನೋಡೋಣ ದೊಡ್ಡಕ್ಕ," ಎಂದಳು ಹುಡುಗಿ. "ಚಳಿಗೆ ಎರಡೂ ಕೈ ಕೊರೆಯುತ್ತೆ. ಬಲಗೈದೂ ಹೊಲಿದುಕೊಡಿ. ಈ ಸಲ ಎಲ್ಲರ ಎದುರಿಗೆ ಅಳತೆ ತಗೊಳ್ಳಿ."

ಬಾಗಿಲು ದಾಟಿದಾಗ ಮೆಷಿನ್‌ಗಳೆಲ್ಲ ನಿಂತಿದ್ದವು. ಇಸ್ತ್ರಿ ಮೇಜಿನಿಂದ ಮೈದುನ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದ. ದೊಡ್ಡಕ್ಕ ಅವನ ಕಡೆ ನೋಡದೆ ಕೊರಳಿನ ಟೇಪು ತೆಗೆದು, ಹುಡುಗಿಯ ಬಲಗೈ ಹಿಡಿದುಕೊಂಡಳು.