ಲಮ್ದುವನ್ ಹೆಸರಿನ ಚೀಟಿ

ನನ್ನ ತಂಗಿ ಹುಟ್ಟಿದ್ದು ಶುಕ್ರವಾರ. ಶುಕ್ರವಾರದವರ ಹೆಸರಿನಲ್ಲಿ ‘ಲ’ ಇದ್ದರೆ ಏಳಿಗೆಯಿಲ್ಲ ಎಂದು ನಮ್ಮ ಪಟ್ಟಣ ಖೋನ್‌ಕೇನ್‌ನ ಜೋಯಿಸ ಹೇಳಿದ. ಮೂವತ್ತು ವರ್ಷ ಲಮ್ದುವನ್ ಆಗಿದ್ದವಳು ಒಂದು ಬೆಳಿಗ್ಗೆ ಸರ್ಕಾರಿ ಕಚೇರಿಗೆ ಹೋಗಿ ಪಿಚಮೋನ್ ಆಗಿ ಬಂದಳು. ನಮ್ಮಲ್ಲಿ ಇದೇನೂ ಹೊಸತಲ್ಲ. ನನ್ನ ಪಕ್ಕದ ಮೇಜಿನವಳು ಮೂರು ಸಲ ಬದಲಾಯಿಸಿದ್ದಾಳೆ, ಗಂಡ ಮಾತ್ರ ಹಳೆಯವನೇ.

ನಾನು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹೆಸರು ಬದಲಾಗುವ ಎರಡು ವರ್ಷ ಮೊದಲು, ಕೆನ್ನೆಯ ನರದ ನೋವಿಗೆ ನುಂಗಿದ ಮಾತ್ರೆಯಿಂದ ತಂಗಿಯ ಬಾಯಿತುಂಬ ಗುಳ್ಳೆ ಎದ್ದಾಗ ಅವಳ ರಕ್ತ ನೋಡಿದವಳೂ ನಾನೇ. ಅಂದೇ ಅವಳಿಗೆ ಬಿಡಿಸಿ ಹೇಳಿದ್ದೆ. ಮೈಯೊಳಗೆ ಟಿ ಕಣಗಳೆಂಬ ಕಾವಲುಗಾರರಿದ್ದಾರೆ. ಎದೆಮೂಳೆಯ ಹಿಂದಿನ ಗ್ರಂಥಿಯಲ್ಲಿ ಬೆಳೆಯುವಾಗ ಪ್ರತಿಯೊಬ್ಬನೂ ವಂಶವಾಹಿಯ ಚೂರುಗಳನ್ನು ಕಣ್ಣುಮುಚ್ಚಿ ಆಯ್ದು ಜೋಡಿಸಿ ತನ್ನದೇ ಒಂದು ಕೈ ಮಾಡಿಕೊಳ್ಳುತ್ತಾನೆ. ಯಾವ ಹಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಕೋಟಿಗಟ್ಟಲೆ ಕೈಗಳಲ್ಲಿ ಒಂದಾದರೂ ಹೊಂದೀತು ಎಂಬ ಜೂಜು ಅದು. ಸ್ವಂತ ಮೈಗೇ ಕೈಮಾಡುವ, ಉಂಡ ಮನೆಗೆ ಎರಡು ಬಗೆಯುವವರು ಹೆಚ್ಚಾಗಿ ಆ ಗ್ರಂಥಿಯಲ್ಲೇ ಸಾಯುತ್ತಾರೆ. ಉಳಿದವರು ಮೈಯೆಲ್ಲ ಅಲೆಯುತ್ತ, ಬೇರೆ ಕಣಗಳು ಅಂಗೈಯಲ್ಲಿ ಹಿಡಿದು ತೋರಿಸಿದ್ದನ್ನು ಮುಟ್ಟಿ ನೋಡುತ್ತಾರೆ. ನಮ್ಮ ಸೀಮೆಯ ಎಷ್ಟೋ ಜನರಿಗೆ ಇರುವ ಒಂದು ಬಗೆಯ ಅಂಗೈಯಲ್ಲಿ ಆ ಮಾತ್ರೆ ಸರಿಯಾಗಿ ಕೂರುತ್ತದೆ. ಮುಟ್ಟಿದ ಕಾವಲುಗಾರ ಕಳ್ಳ ಸಿಕ್ಕನೆಂದು ಮನೆಗೇ ಬೆಂಕಿ ಇಡುತ್ತಾನೆ.

“ನೀನು ಮರೆತ್ರೂ ಆ ಕಣಗಳು ಮರೆಯಲ್ಲ. ಈ ಚೀಟಿ ಕಳ್ಕೋಬೇಡ,” ಎಂದು, ಅವಳ ಹೆಸರೂ ಒಗ್ಗದ ಮಾತ್ರೆಯ ಹೆಸರೂ ಇದ್ದ ಚೀಟಿಯನ್ನು ಅವಳ ಪರ್ಸಿಗೆ ನಾನೇ ಹಾಕಿದ್ದೆ.

ಹೆಸರು ಬದಲಾದ ವಾರ ಅಮ್ಮ ಲಮ್ದುವನ್ ಎಂದಿದ್ದ ಕಾಗದಗಳನ್ನೆಲ್ಲ ಒಟ್ಟುಮಾಡಿ ಸುಟ್ಟಳು. ಚೀಟಿಯೂ ಹೋಯಿತು. ನಾನು ರೇಗಿದೆ.

“ನಿನ್ನ ಗಾಜಿನ ಕೊಳವೇಲಿ ಹಣೆಬರಹ ಕಾಣುತ್ತೇನೇ?” ಎಂದಳು ಅಮ್ಮ.

ತಂಗಿ ನಕ್ಕು, ಹೊಸ ಹೆಸರಿಗೆ ಇನ್ನೊಂದು ಮಾಡಿಸಿಕೊಡು ಎಂದಳು. ಸೋಮವಾರ ಎಂದೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಸೋಮವಾರ ಎಂದವಳದ್ದು ಏನಾಗಬೇಕು? ಜೋಯಿಸನನ್ನು ಬೈಯುವುದು ಸುಲಭ. ಚೀಟಿ ಕೊಡುವ ಔಷಧದ ಕಿಟಕಿ ನನ್ನ ಕೋಣೆಯಿಂದ ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ.

ಉದೋನ್ ಎಂಬ ಊರಿಗೆ ಬಟ್ಟೆ ಮಾರಲು ಹೋದಾಗ ಅವಳ ಕೆನ್ನೆನೋವು ಮರುಕಳಿಸಿತು. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ಯಾವ ಮಾತ್ರೆ ಒಗ್ಗುವುದಿಲ್ಲ ಎಂದು ಕೇಳಿದರಂತೆ. ಹೆಸರು ನೆನಪಾಗದೆ, ಬಿಳಿ, ಗುಂಡಗಿತ್ತು ಎಂದಳಂತೆ. ಅವರು ಕೊಟ್ಟದ್ದು ಗುಲಾಬಿ ಬಣ್ಣದ್ದು, ಬೇರೆ ಕಂಪನಿಯದು, ಬೇರೆ ಹೆಸರಿನದು. ಒಳಗಿನ ಮದ್ದು ಅದೇ.

ಎರಡೇ ದಿನದಲ್ಲಿ ಮೈಯ ತೊಗಲು ಸುಟ್ಟಂತೆ ಸುಲಿಯತೊಡಗಿತು. ಜೀವ ಉಳಿಯಿತು. ಕಣ್ಣುಗಳು ಉಳಿಯಲಿಲ್ಲ.

ಹೊಸ ಚೀಟಿ ಮಾಡಿಸಿದೆ, ಅವಳ ಹಳೆಯ, ಹೊಸ ಎರಡೂ ಹೆಸರು ಹಾಕಿಸಿ. ಅವಳ ಹಾಸಿಗೆಯ ಬಳಿ ಕೂತು ಕೈಯಲ್ಲಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಬರಲಿಲ್ಲ.

“ಅಕ್ಕ, ಮಾತ್ರೇಗೂ ಹೊಸ ಹೆಸ್ರು, ನಂಗೂ ಹೊಸ ಹೆಸ್ರು. ಆ ಕಣಗಳು ಹೆಂಗೆ ಗುರುತು ಹಿಡಿದ್ವು?”

“ಅವಕ್ಕೆ ಓದೋಕೆ ಬರಲ್ಲ ಕಣೇ. ಮುಟ್ಟಿ ನೋಡ್ತವೆ ಅಷ್ಟೆ.”

ಅವಳು ಹೆಬ್ಬೆರಳಿನಿಂದ ಚೀಟಿಯ ಎರಡೂ ಬದಿ ಸವರಿದಳು.

“ಇನ್ಮೇಲೆ ನಾನೂ ಹಂಗೇ,” ಎಂದಳು.

ಪ್ಲಾಸ್ಟಿಕ್ ಹೊದಿಸಿದ ಚೀಟಿ ನುಣ್ಣಗಿತ್ತು, ಬೆರಳಿಗೆ ಒಂದಕ್ಷರವೂ ಸಿಗುವಂತಿರಲಿಲ್ಲ.